ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಬದಿ ದೀಪಗಳು: ವೈರಿಂಗ್, ದೋಷ ಪತ್ತೆ ಮತ್ತು ನಿರ್ವಹಣೆ

(ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ನೀರುಗಂಟಿಗಳು, ಸ್ವಚ್ಛ ವಾಹಿನಿ ಚಾಲಕರು, ಟ್ರ್ಯಾಕ್ಟರ್ ಮಾಲೀಕರು ಹಾಗೂ ಗ್ರಾಮೀಣ ಎಲೆಕ್ಟ್ರಿಷಿಯನ್‌ಗಳ ತಿಳುವಳಿಕೆಗಾಗಿ)

ಪೀಠಿಕೆ

ಹಿಂದೆ ಎತ್ತಿನ ಗಾಡಿ ರಾತ್ರಿ ಪ್ರಯಾಣಕ್ಕೆ ಹೊರಟರೆ ಅಚ್ಚಿನ ಕೆಳಗೆ ಲಾಟೀನೊಂದು ತೂಗುತ್ತಿತ್ತು. ಆ ಬೆಳಕು ಗಾಡಿ ಹೊಡೆಯುವವನಿಗೆ ದಾರಿ ತೋರಿಸಲು ಇದ್ದುದಲ್ಲ. ಹಿಂದಿನಿಂದ ಬರುವವರಿಗೆ ಮುಂದೊಂದು ಗಾಡಿ ಇದೆ ಎಂದು ತಿಳಿಸಲು ಇದ್ದುದು. ಇಂದು ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿದೆ, ಗಾಡಿಯ ಸ್ಥಾನಕ್ಕೆ ಟ್ರೇಲರ್ ಬಂದಿದೆ. ಟ್ರ್ಯಾಕ್ಟರಿನ ಮುಂಭಾಗದಲ್ಲಿ ಪ್ರಖರವಾದ ದೀಪಗಳಿವೆ. ಆದರೆ ಲಾಟೀನು ಮಾಡುತ್ತಿದ್ದ ಕೆಲಸ ಅನೇಕ ಟ್ರೇಲರ್‌ಗಳಲ್ಲಿ ನಿಂತುಹೋಗಿದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಮೊದಲಾದ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಹಗಲು ರಾತ್ರಿ ಎನ್ನದೆ ಕಬ್ಬಿನ ಹೇರು ಕಾರ್ಖಾನೆಗಳತ್ತ ಸಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಟ್ಯಾಂಕರ್‌ಗಳು ನಸುಕಿನಲ್ಲಿಯೇ ಹೊರಡುತ್ತವೆ. ಈ ಟ್ರೇಲರ್‌ಗಳ ಪೈಕಿ ಎಷ್ಟೋ ಟ್ರೇಲರ್‌ಗಳ ಹಿಂಬದಿಯಲ್ಲಿ ದೀಪವೇ ಇರುವುದಿಲ್ಲ, ಇದ್ದರೂ ಉರಿಯುವುದಿಲ್ಲ. ಮಾಲೀಕರನ್ನು ವಿಚಾರಿಸಿದರೆ "ಬಲ್ಬು ಎಷ್ಟು ಹಾಕಿದರೂ ನಿಲ್ಲುವುದಿಲ್ಲ" ಎಂಬ ಉತ್ತರ ಬರುತ್ತದೆ. ವಾಸ್ತವದಲ್ಲಿ ದೋಷವಿರುವುದು ಬಹುತೇಕ ಸಂದರ್ಭಗಳಲ್ಲಿ ಬಲ್ಬಿನಲ್ಲಲ್ಲ. ಅದು ಅರ್ತ್ ವೈರಿನಲ್ಲಿ, ಜೋಡಣೆಯಲ್ಲಿ ಅಥವಾ ದೀಪವನ್ನು ಅಳವಡಿಸಿದ ಸ್ಥಳದಲ್ಲಿ ಇರುತ್ತದೆ. ಈ ಮೂರನ್ನೂ ಗ್ರಾಮದಲ್ಲಿಯೇ, ಅಲ್ಪ ವೆಚ್ಚದಲ್ಲಿ ಸರಿಪಡಿಸಲು ಸಾಧ್ಯವಿದೆ. ಅದರ ವಿಧಾನವನ್ನು ವಿವರಿಸುವುದು ಈ ಲೇಖನದ ಉದ್ದೇಶ.

1. ಹಿಂಬದಿ ದೀಪ ಏಕೆ ಅನಿವಾರ್ಯ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ಎದುರಿನ ಅಡಚಣೆ ಕಣ್ಣಿಗೆ ಬಿದ್ದು, ಅದೇನೆಂದು ಅರಿವಾಗಿ, ಕೈ ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ ಎಂದು ಇಟ್ಟುಕೊಂಡರೆ, ಬ್ರೇಕ್ ಹಿಡಿಯುವ ಮುನ್ನವೇ ಬೈಕ್ 25 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಪೂರ್ಣವಾಗಿ ನಿಲ್ಲಲು ಮತ್ತೆ ಸುಮಾರು 28 ಮೀಟರ್ ಬೇಕು. ಒಟ್ಟು 53 ಮೀಟರ್.

ಎದುರಿನಿಂದ ವಾಹನ ಬರುವಾಗ ಸವಾರನು ತನ್ನ ದೀಪವನ್ನು ಡಿಪ್ ಮಾಡಿರುತ್ತಾನೆ. ಆ ಬೆಳಕಿನಲ್ಲಿ ಕೆಸರು ಮೆತ್ತಿದ, ತುಕ್ಕು ಹಿಡಿದ ಟ್ರೇಲರ್‌ನ ಹಿಂಬಾಗಿಲು ಅಷ್ಟು ದೂರದಿಂದ ಕಾಣುವುದಿಲ್ಲ. ಟ್ರೇಲರ್ ನಿಧಾನವಾಗಿಯಾದರೂ ಚಲಿಸುತ್ತಿದ್ದರೆ ಸವಾರನಿಗೆ ಸ್ವಲ್ಪ ಅವಕಾಶ ಸಿಗಬಹುದು. ಅದು ರಸ್ತೆಯ ಮೇಲೆ ಕೆಟ್ಟು ನಿಂತಿದ್ದರೆ ಆ ಅವಕಾಶವೂ ಇರುವುದಿಲ್ಲ. ಸವಾರನ ತಪ್ಪು ಏನೂ ಇಲ್ಲದೆಯೂ ಅಪಘಾತ ಸಂಭವಿಸುವುದು ಹೀಗೆ. ಆ ಸವಾರನು ಹೆಚ್ಚಾಗಿ ಅಕ್ಕಪಕ್ಕದ ಊರಿನವನೇ ಆಗಿರುತ್ತಾನೆ. ಅದೇ ಟ್ರೇಲರ್‌ನಲ್ಲಿ ಎರಡು ಕೆಂಪು ದೀಪಗಳು ಉರಿಯುತ್ತಿದ್ದರೆ, ನೇರ ರಸ್ತೆಯಲ್ಲಿ ಅವು ನೂರಾರು ಮೀಟರ್ ದೂರದಿಂದಲೇ ಗೋಚರಿಸುತ್ತವೆ.

ಕಾನೂನಿನ ದೃಷ್ಟಿಯಿಂದಲೂ ವಿಷಯ ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 2ರಲ್ಲಿ ನೀಡಿರುವ ಮೋಟಾರು ವಾಹನದ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಸೇರಿದೆ. ಆದುದರಿಂದ "ಅದಕ್ಕೆ ಎಂಜಿನ್ ಇಲ್ಲ, ಅದು ವಾಹನವಲ್ಲ" ಎಂಬ ವಾದಕ್ಕೆ ಆಧಾರವಿಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 104 ಪ್ರತಿಫಲಕಗಳನ್ನು ಕುರಿತು, ನಿಯಮ 105 ದೀಪಗಳನ್ನು ಕುರಿತು ಹೇಳುತ್ತವೆ. ಅಧಿನಿಯಮದ ಪ್ರಕರಣ 122ರ ಪ್ರಕಾರ, ಯಾವುದೇ ವಾಹನವನ್ನಾಗಲಿ ಟ್ರೇಲರ್ ಅನ್ನಾಗಲಿ ಇತರರಿಗೆ ಅಪಾಯ ಅಥವಾ ಅಡಚಣೆ ಉಂಟಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸುವಂತಿಲ್ಲ.

2. ಏಳು ಪಿನ್ನಿನ ಸಾಕೆಟ್ ಮತ್ತು ಅದರ ವಿನ್ಯಾಸ

ಟ್ರ್ಯಾಕ್ಟರಿನ ಹಿಂಭಾಗದಲ್ಲಿ, ಕೊಂಡಿಯ ಸಮೀಪ, ಮುಚ್ಚಳವಿರುವ ದುಂಡಗಿನ ಸಾಕೆಟ್ ಒಂದನ್ನು ಕಾಣಬಹುದು. ಟ್ರೇಲರ್‌ನ ದೀಪಗಳಿಗೆ ವಿದ್ಯುತ್ ಪೂರೈಸಲೆಂದೇ ಅದನ್ನು ಕೊಡಲಾಗಿರುತ್ತದೆ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಆ ಮುಚ್ಚಳವನ್ನು ಒಮ್ಮೆಯೂ ತೆರೆದಿರುವುದಿಲ್ಲ. ಬದಲಾಗಿ ಟ್ರ್ಯಾಕ್ಟರಿನ ಟೇಲ್ ದೀಪದ ವೈರನ್ನು ಸುಲಿದು, ಅದಕ್ಕೆ ಮತ್ತೊಂದು ವೈರನ್ನು ಹೊಸೆದು, ಟೇಪು ಸುತ್ತಿ ಟ್ರೇಲರ್‌ಗೆ ಎಳೆದಿರುತ್ತಾರೆ. ಮೊದಲ ಮಳೆಗೆ ಅಥವಾ ಮೊದಲ ತಿರುವಿಗೆ ಆ ಜೋಡಣೆ ಕಿತ್ತುಹೋಗುತ್ತದೆ.

ಏಳು ಪಿನ್ನಿನ 12 ವೋಲ್ಟ್ ಸಾಕೆಟ್‌ಗೆ ಅಂತರರಾಷ್ಟ್ರೀಯ ಮಾನಕವಿದೆ; ಅದರ ಹೆಸರು ಐಎಸ್ಒ 1724. ಅದರಂತೆ ಪಿನ್‌ಗಳ ಸಂಖ್ಯೆ, ಕೆಲಸ ಮತ್ತು ವೈರಿನ ಬಣ್ಣ ಹೀಗಿವೆ:

ಪಿನ್ 1 – ಎಡ ಇಂಡಿಕೇಟರ್ – ಹಳದಿ
ಪಿನ್ 2 – ಹಿಂಬದಿ ಮಂಜುದೀಪ ಅಥವಾ ಹೆಚ್ಚುವರಿ ಬಳಕೆ – ನೀಲಿ
ಪಿನ್ 3 – ಅರ್ತ್ – ಬಿಳಿ
ಪಿನ್ 4 – ಬಲ ಇಂಡಿಕೇಟರ್ – ಹಸಿರು
ಪಿನ್ 5 – ಬಲ ಟೇಲ್ ದೀಪ – ಕಂದು
ಪಿನ್ 6 – ಎರಡೂ ಬದಿಯ ಬ್ರೇಕ್ ದೀಪ – ಕೆಂಪು
ಪಿನ್ 7 – ಎಡ ಟೇಲ್ ದೀಪ – ಕಪ್ಪು

ಗ್ರಾಮೀಣ ಎಲೆಕ್ಟ್ರಿಷಿಯನ್‌ಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮನೆಯ ವೈರಿಂಗ್‌ನಲ್ಲಿ ಹಸಿರು ಎಂದರೆ ಅರ್ತ್, ಕಪ್ಪು ಎಂದರೆ ನ್ಯೂಟ್ರಲ್. ಟ್ರೇಲರ್‌ನ ವೈರಿಂಗ್‌ನಲ್ಲಿ ಹಸಿರು ವೈರಿನಲ್ಲಿ ಬಲ ಇಂಡಿಕೇಟರಿನ ವಿದ್ಯುತ್ ಹರಿಯುತ್ತದೆ, ಕಪ್ಪು ವೈರಿನಲ್ಲಿ ಎಡ ಟೇಲ್ ದೀಪದ ವಿದ್ಯುತ್ ಹರಿಯುತ್ತದೆ. ಮನೆಯ ರೂಢಿಯಂತೆ ಹಸಿರು ವೈರನ್ನು ಟ್ರೇಲರ್‌ನ ಚಾಸಿಗೆ ಬಿಗಿದರೆ, ಚಾಲಕ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದ ಕ್ಷಣ ಫ್ಯೂಸ್ ಹಾರುತ್ತದೆ.

ಎಲ್ಲ ಟ್ರ್ಯಾಕ್ಟರ್‌ಗಳಲ್ಲಿಯೂ ವೈರಿನ ಬಣ್ಣ ಮೇಲಿನಂತೆಯೇ ಇರುತ್ತದೆ ಎಂದು ಭಾವಿಸಬಾರದು. ಬಣ್ಣಕ್ಕಿಂತ ಪಿನ್ನಿನ ಸಂಖ್ಯೆಯನ್ನು ನಂಬಬೇಕು. ಸಾಕೆಟ್ ಮತ್ತು ಪ್ಲಗ್‌ಗಳ ಒಳಭಾಗದಲ್ಲಿ, ಸ್ಕ್ರೂಗಳ ಪಕ್ಕದಲ್ಲಿ, ಈ ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ಟ್ರ್ಯಾಕ್ಟರಿನ ದೀಪಗಳನ್ನು ಒಂದೊಂದಾಗಿ ಹಾಕಿ, ಟೆಸ್ಟ್ ಬಲ್ಬಿನಿಂದ ಯಾವ ಪಿನ್ನಿಗೆ ವಿದ್ಯುತ್ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಜೋಡಣೆ ಆರಂಭಿಸುವುದು ಸೂಕ್ತ.

3. ಅರ್ತ್: ಎಲ್ಲ ದೋಷಗಳ ಮೂಲ

ವಾಹನದ ದೀಪಕ್ಕೆ ಬ್ಯಾಟರಿಯ ಪಾಸಿಟಿವ್‌ನಿಂದ ವೈರಿನ ಮೂಲಕ ವಿದ್ಯುತ್ ಬರುತ್ತದೆ. ಅದು ಬಲ್ಬನ್ನು ದಾಟಿ ಬ್ಯಾಟರಿಯ ನೆಗೆಟಿವ್‌ಗೆ ಮರಳಬೇಕು. ಟ್ರ್ಯಾಕ್ಟರಿನಲ್ಲಿ ಆ ಮರುದಾರಿಯ ಕೆಲಸವನ್ನು ಅದರ ಕಬ್ಬಿಣದ ಮೈಯೇ ಮಾಡುತ್ತದೆ. ಅದೇ ರೀತಿ ಟ್ರೇಲರ್‌ನ ಕಬ್ಬಿಣವೂ ಮಾಡುತ್ತದೆ ಎಂದುಕೊಂಡು ಬಹಳಷ್ಟು ಮಂದಿ ಪ್ರತ್ಯೇಕ ಅರ್ತ್ ವೈರನ್ನು ಎಳೆಯುವುದಿಲ್ಲ. ದೀಪವನ್ನು ಚಾಸಿಗೆ ಬಿಗಿದು ಸುಮ್ಮನಾಗುತ್ತಾರೆ.

ಟ್ರೇಲರ್‌ನ ಮೂಕಿ ಮತ್ತು ಟ್ರ್ಯಾಕ್ಟರಿನ ನಡುವೆ ಇರುವ ಸಂಪರ್ಕವೆಂದರೆ ಕೊಂಡಿಯ ಪಿನ್ ಒಂದೇ. ಆ ಪಿನ್ನಿಗೆ ಗ್ರೀಸು ಮೆತ್ತಿರುತ್ತದೆ, ತುಕ್ಕು ಹಿಡಿದಿರುತ್ತದೆ, ರಂಧ್ರದಲ್ಲಿ ಅದು ಸಡಿಲವಾಗಿ ಅಲುಗಾಡುತ್ತಿರುತ್ತದೆ. ಭಾರ ಎಳೆಯುವಾಗ ಒಮ್ಮೆ ತಾಗುತ್ತದೆ, ಇಳಿಜಾರಿನಲ್ಲಿ ಬಿಡುತ್ತದೆ. ಕೊಟ್ಟಿಗೆಯಲ್ಲಿ ಪರೀಕ್ಷಿಸಿದಾಗ ಉರಿದ ದೀಪ ರಸ್ತೆಯಲ್ಲಿ ಆರಿಹೋಗುವುದಕ್ಕೆ ಕಾರಣ ಇದು.

ಅರ್ತ್ ಕಡಿದಾಗ ದೀಪಗಳು ಸುಮ್ಮನೆ ಆರುವುದಿಲ್ಲ, ವಿಚಿತ್ರವಾಗಿ ವರ್ತಿಸುತ್ತವೆ. ಬ್ರೇಕ್ ಮತ್ತು ಟೇಲ್ ದೀಪಗಳಿಗೆ ಸಾಮಾನ್ಯವಾಗಿ ಎರಡು ತಂತುಗಳುಳ್ಳ ಒಂದೇ ಬಲ್ಬು ಇರುತ್ತದೆ. ಎರಡೂ ತಂತುಗಳಿಗೆ ಅರ್ತ್ ಒಂದೇ. ಅದು ಕಡಿದರೆ ಬ್ರೇಕ್ ತಂತುವಿನ ಮೂಲಕ ಬಂದ ವಿದ್ಯುತ್ತಿಗೆ ಮರಳುವ ದಾರಿ ಇರುವುದಿಲ್ಲ. ಆಗ ಅದು ಟೇಲ್ ತಂತುವನ್ನು ಹಿಮ್ಮುಖವಾಗಿ ದಾಟಿ, ಟೇಲ್ ವೈರಿನ ಮೂಲಕ ಬೇರೊಂದು ದೀಪವನ್ನು ತಲುಪಿ, ಅಲ್ಲಿಂದ ಅರ್ತ್ ಹುಡುಕಿಕೊಳ್ಳುತ್ತದೆ. ಹಾದಿಯಲ್ಲಿರುವ ದೀಪಗಳೆಲ್ಲ ಮಿಣಮಿಣ ಎನ್ನುತ್ತವೆ. ಆದುದರಿಂದ ಈ ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೊಂದು ಕಂಡರೂ ಬಲ್ಬು ಬದಲಿಸುವ ಮೊದಲು ಅರ್ತ್ ಅನ್ನು ಪರಿಶೀಲಿಸಬೇಕು:

• ಬ್ರೇಕ್ ಒತ್ತಿದಾಗ ಟೇಲ್ ದೀಪಗಳ ಬೆಳಕು ಕುಗ್ಗುವುದು.
• ಒಂದು ಬದಿಯ ಇಂಡಿಕೇಟರ್ ಹಾಕಿದಾಗ ಹಿಂದಿನ ಎಲ್ಲ ದೀಪಗಳೂ ಮಂದವಾಗಿ ಮಿಟುಕುವುದು.
• ಟೇಲ್ ದೀಪ ಆರಿಸಿದ್ದರೂ ಬ್ರೇಕ್ ಒತ್ತಿದಾಗ ನಂಬರ್ ಪ್ಲೇಟಿನ ದೀಪ ಉರಿಯುವುದು.
• ಟ್ರೇಲರ್ ಅಲುಗಿದಾಗ ದೀಪ ಹೊತ್ತಿ ಆರುವುದು.

ಪರಿಹಾರ ಸರಳವಾಗಿದೆ. ಸಾಕೆಟ್‌ನ 3ನೆಯ ಪಿನ್ನಿನಿಂದ ಹಿಂಬದಿಯ ಪ್ರತಿಯೊಂದು ದೀಪದವರೆಗೂ ಪ್ರತ್ಯೇಕ ಅರ್ತ್ ವೈರನ್ನು ಎಳೆಯಬೇಕು. ಅದನ್ನು ಟ್ರೇಲರ್‌ನ ಚಾಸಿಗೂ ಒಂದು ಕಡೆ ಬಿಗಿಯಬಹುದು. ಆದರೆ ಚಾಸಿಯನ್ನೇ ಅವಲಂಬಿಸಬಾರದು. ಟ್ರ್ಯಾಕ್ಟರಿನ ಕಡೆಯಲ್ಲಿಯೂ 3ನೆಯ ಪಿನ್ ಸರಿಯಾಗಿ ಅರ್ತ್ ಆಗಿದೆಯೇ ಎಂದು ನೋಡಬೇಕು. ಚಾಸಿಗೆ ಬಿಗಿಯುವ ಸ್ಥಳದಲ್ಲಿ ಬಣ್ಣ ಮತ್ತು ತುಕ್ಕನ್ನು ಹೊಳೆಯುವವರೆಗೆ ಉಜ್ಜಿ ತೆಗೆದು, ಲಗ್ ಒತ್ತಿದ ವೈರನ್ನು ಬೋಲ್ಟಿನಿಂದ ಬಿಗಿದು, ಮೇಲೆ ಗ್ರೀಸು ಸವರಬೇಕು. ಗ್ರೀಸನ್ನು ಮೊದಲೇ ಸವರಿ ಆಮೇಲೆ ಬಿಗಿಯುವುದು ತಪ್ಪು.

4. ವೈರಿನ ಗಾತ್ರ

ತೆಳುವಾದ ವೈರು ಅಗ್ಗ. ಆದರೆ ಅದರಿಂದಾಗುವ ನಷ್ಟ ಬೆಳಕಿನಲ್ಲಿ ಕಾಣುತ್ತದೆ. ಒಂದು ಟ್ರೇಲರ್‌ನ ಲೆಕ್ಕವನ್ನು ನೋಡೋಣ. 5 ವ್ಯಾಟಿನ ಎರಡು ಟೇಲ್ ದೀಪ, 5 ವ್ಯಾಟಿನ ಒಂದು ನಂಬರ್ ಪ್ಲೇಟ್ ದೀಪ, 21 ವ್ಯಾಟಿನ ಎರಡು ಬ್ರೇಕ್ ದೀಪ, ತಿರುಗುವಾಗ 21 ವ್ಯಾಟಿನ ಒಂದು ಇಂಡಿಕೇಟರ್. ಎಲ್ಲವೂ ಒಟ್ಟಿಗೆ ಉರಿದರೆ 78 ವ್ಯಾಟ್. 12 ವೋಲ್ಟಿನಲ್ಲಿ 6.5 ಆಂಪಿಯರ್. ಬ್ರೇಕ್ ವೈರಿನಲ್ಲಿ ಹರಿಯುವುದು 3.5 ಆಂಪಿಯರ್ ಮಾತ್ರ. ಆದರೆ ಅರ್ತ್ ವೈರಿನಲ್ಲಿ ಎಲ್ಲ ದೀಪಗಳ ವಿದ್ಯುತ್ತೂ ಸೇರಿ 6.5 ಆಂಪಿಯರ್ ಹರಿಯುತ್ತದೆ. ಆದುದರಿಂದ ಎಲ್ಲ ವೈರುಗಳಿಗಿಂತ ಅರ್ತ್ ವೈರು ದಪ್ಪವಾಗಿರಬೇಕು.

ಸಾಕೆಟ್‌ನಿಂದ ದೀಪದವರೆಗೆ 10 ಮೀಟರ್ ವೈರು ಬೇಕೆಂದು ಇಟ್ಟುಕೊಳ್ಳೋಣ. ದೀಪದ ವೈರು ಮತ್ತು ಅರ್ತ್ ಎರಡೂ 0.5 ಚದರ ಮಿ.ಮೀ. ತಾಮ್ರದ ವೈರಾಗಿದ್ದರೆ ಹೋಗುವ ಮತ್ತು ಮರಳುವ ದಾರಿಯಲ್ಲಿ ಸುಮಾರು 3 ವೋಲ್ಟ್ ವ್ಯರ್ಥವಾಗುತ್ತದೆ. ತಂತುವಿನ ಬಲ್ಬಿಗೆ ವೋಲ್ಟೇಜು ಹತ್ತನೆಯ ಒಂದು ಭಾಗ ಕಡಿಮೆಯಾದರೆ ಬೆಳಕು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ. 3 ವೋಲ್ಟ್ ಕಡಿಮೆಯಾದರೆ ಉಳಿಯುವ ಬೆಳಕು ಅರ್ಧಕ್ಕಿಂತಲೂ ಕಡಿಮೆ. ಅದರ ಬದಲಾಗಿ ದೀಪಗಳಿಗೆ 1.5 ಚದರ ಮಿ.ಮೀ. ಹಾಗೂ ಅರ್ತ್‌ಗೆ 2.5 ಚದರ ಮಿ.ಮೀ. ವೈರನ್ನು ಬಳಸಿದರೆ ವ್ಯರ್ಥವಾಗುವುದು ಒಂದು ವೋಲ್ಟಿಗಿಂತ ಕಡಿಮೆ.

ವೈರು ಬಹು ಎಳೆಗಳ ಮೆತುವಾದ ತಾಮ್ರದ್ದೇ ಆಗಿರಬೇಕು. ಒಂದೇ ಎಳೆಯ ಗಟ್ಟಿ ವೈರು ರಸ್ತೆಯ ಕುಲುಕಾಟಕ್ಕೆ ಒಳಗೊಳಗೇ ತುಂಡಾಗುತ್ತದೆ. ಮೇಲಿನ ಹೊದಿಕೆ ಸರಿಯಿರುವುದರಿಂದ ದೋಷ ಕಣ್ಣಿಗೆ ಕಾಣುವುದಿಲ್ಲ.

5. ಜೋಡಣೆಯ ಕ್ರಮ

(ಅ) ವೈರುಗಳನ್ನು ಚಾಸಿಯ ಒಳಮೈಗೆ, ಪಿವಿಸಿ ಕೊಳವೆಯೊಳಗೆ ಸಾಗಿಸಬೇಕು. ಚಕ್ರದ ಕಲ್ಲು, ಕಬ್ಬಿನ ಸೋಗೆ ಮತ್ತು ಇಲಿಗಳಿಂದ ಇದು ರಕ್ಷಣೆ ನೀಡುತ್ತದೆ. ಕಬ್ಬಿಣದ ಅಂಚು ದಾಟುವಲ್ಲಿ ರಬ್ಬರ್ ಬುಷ್ ಇರಬೇಕು.

(ಆ) ಮೂಕಿಯ ಮುಂಭಾಗದಲ್ಲಿ ವೈರಿಗೆ ಸಡಿಲ ಬಿಡಬೇಕು. ಟ್ರ್ಯಾಕ್ಟರ್ ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿದಾಗ ವೈರು ಬಿಗಿಯಾಗಬಾರದು. ನೇರವಾಗಿ ನಿಂತಾಗ ನೆಲಕ್ಕೆ ತಾಗಬಾರದು, ಪಿಟಿಒ ಶಾಫ್ಟಿನ ಹತ್ತಿರ ಬರಬಾರದು.

(ಇ) ಹೊಸೆದು ಟೇಪು ಸುತ್ತಿದ ಗಂಟುಗಳು ಇರಬಾರದು. ಜೋಡಿಸಲೇಬೇಕಾದಲ್ಲಿ ಲಗ್ ಒತ್ತಿ ಅಥವಾ ಬೆಸುಗೆ ಹಾಕಿ, ಅದರ ಮೇಲೆ ಶಾಖಕ್ಕೆ ಕುಗ್ಗುವ ಕೊಳವೆಯನ್ನು ಹೊದಿಸಬೇಕು.

(ಈ) ಟ್ರೇಲರ್ ಕಳಚಿದಾಗ ಪ್ಲಗ್ ಮಣ್ಣಿಗೆ ಬೀಳದಂತೆ ಮೂಕಿಯ ಮೇಲೆ ಕೊಕ್ಕೆಯೊಂದನ್ನು ಬೆಸೆದು, ಪ್ಲಗ್ಗಿನ ಬಾಯಿ ಕೆಳಮುಖವಾಗುವಂತೆ ತೂಗಿಸಬೇಕು.

(ಉ) ಟ್ರೇಲರ್‌ನ ಇಂಡಿಕೇಟರ್ ಸೇರಿದಾಗ ಫ್ಲ್ಯಾಶರಿನ ಮೇಲಿನ ಹೊರೆ ಹೆಚ್ಚುತ್ತದೆ. ಮಿಟುಕುವ ವೇಗದಲ್ಲಿ ವ್ಯತ್ಯಾಸ ಕಂಡರೆ ಟ್ರೇಲರ್ ಸಹಿತ ಬಳಕೆಗೆ ಯೋಗ್ಯವಾದ ಫ್ಲ್ಯಾಶರನ್ನು ಅಳವಡಿಸಬೇಕು. ಫ್ಯೂಸ್ ಹಾರಿದರೆ ಅದರ ಜಾಗಕ್ಕೆ ತಂತಿಯ ತುಂಡನ್ನು ಎಂದಿಗೂ ಹಾಕಬಾರದು.

ನೀರಿನ ಟ್ಯಾಂಕರ್‌ಗಳಲ್ಲಿ ಹಿಂಬದಿಯ ವಾಲ್ವ್ ದೀಪಗಳ ಪಕ್ಕದಲ್ಲಿಯೇ ಇರುತ್ತದೆ. ಅದರ ತೊಟ್ಟಿಕ್ಕುವ ನೀರು ಹೋಲ್ಡರಿನೊಳಗೆ ಸೇರಿ ತುಕ್ಕು ಹಿಡಿಸುತ್ತದೆ. ಕಸ ಸಾಗಿಸುವ ಟ್ರೇಲರ್‌ಗಳಲ್ಲಿ ಹಸಿ ಕಸದ ರಸ ಇದೇ ಕೆಲಸ ಮಾಡುತ್ತದೆ. ಈ ಎರಡು ಬಗೆಯ ಟ್ರೇಲರ್‌ಗಳಿಗೆ ನೀರು ಒಳಗೆ ಹೋಗದ, ಮುಚ್ಚಿದ ಎಲ್ಇಡಿ ದೀಪಗಳೇ ಸೂಕ್ತ.

6. ಜೋಡಿ ಟ್ರೇಲರ್‌ಗಳು

ಕಬ್ಬು ಸಾಗಣೆಯಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಇಂತಹ ಸಂದರ್ಭದಲ್ಲಿ ಮೊದಲ ಟ್ರೇಲರ್‌ಗೆ ದೀಪವಿದ್ದು ಎರಡನೆಯದಕ್ಕೆ ಇಲ್ಲದಿದ್ದರೆ ಯಾವ ಪ್ರಯೋಜನವೂ ಇಲ್ಲ. ಹಿಂದಿನವರಿಗೆ ಕಾಣಬೇಕಾದುದು ಕೊನೆಯ ಟ್ರೇಲರ್. ಆದುದರಿಂದ ಮೊದಲ ಟ್ರೇಲರ್‌ನ ಹಿಂಭಾಗದಲ್ಲಿಯೂ ಏಳು ಪಿನ್ನಿನ ಸಾಕೆಟ್ ಅಳವಡಿಸಿ, ಎಲ್ಲ ಏಳು ವೈರುಗಳನ್ನೂ ಅಲ್ಲಿಯವರೆಗೆ ತಲುಪಿಸಬೇಕು.

ತಂತುವಿನ ಬಲ್ಬುಗಳನ್ನೇ ಬಳಸಿದರೆ ಮೊದಲ ಟ್ರೇಲರ್‌ನ ಅರ್ತ್ ವೈರಿನಲ್ಲಿ 13 ಆಂಪಿಯರ್ ಹರಿಯುತ್ತದೆ. ದೂರವೂ ಇಮ್ಮಡಿಯಾಗಿರುವುದರಿಂದ ಕೊನೆಯ ದೀಪಗಳು ಮಂಕಾಗುತ್ತವೆ. ಎಲ್ಇಡಿ ದೀಪಗಳು ಇದರ ಸಣ್ಣ ಭಾಗದಷ್ಟು ವಿದ್ಯುತ್ತನ್ನು ಮಾತ್ರ ಬಳಸುವುದರಿಂದ ಈ ತೊಂದರೆ ಇರುವುದಿಲ್ಲ. ಎಲ್ಇಡಿ ಅಳವಡಿಸುವಾಗ ಎರಡು ಅಂಶಗಳನ್ನು ನೆನಪಿಡಬೇಕು. ಪಾಸಿಟಿವ್ ಮತ್ತು ನೆಗೆಟಿವ್ ಅದಲುಬದಲಾದರೆ ಅವು ಉರಿಯುವುದಿಲ್ಲ. ಹಳೆಯ ಫ್ಲ್ಯಾಶರಿನೊಂದಿಗೆ ಇಂಡಿಕೇಟರ್ ಸರಿಯಾದ ವೇಗದಲ್ಲಿ ಮಿಟುಕದಿರಬಹುದು. ಆಗ ಎಲ್ಇಡಿಗೆ ಹೊಂದುವ ಫ್ಲ್ಯಾಶರ್ ಬೇಕಾಗುತ್ತದೆ.

7. ಹೇರಿನ ಹಿಂದೆ ಮರೆಯಾಗುವ ದೀಪ: ತೂಗುಹಲಗೆಯ ಪರಿಹಾರ

ವೈರಿಂಗ್ ಸರಿಯಾಗಿದ್ದರೂ ಕಬ್ಬಿನ ಟ್ರೇಲರ್‌ನಲ್ಲಿ ಮತ್ತೆರಡು ತೊಡಕುಗಳಿವೆ. ಹೇರಿದ ಕಬ್ಬು ಚಾಸಿಯ ಆಚೆಗೂ ಚಾಚಿಕೊಂಡು, ಅದರ ಸೋಗೆ ದೀಪಗಳ ಮೇಲೆ ಇಳಿಬೀಳುತ್ತದೆ. ಸೋಗೆಯ ಹಿಂದೆ ಉರಿಯುವ ದೀಪ ಇದ್ದೂ ಇಲ್ಲದಂತೆ. ಎರಡನೆಯದಾಗಿ, ಕಾರ್ಖಾನೆಯಲ್ಲಿ ಕಬ್ಬು ಇಳಿಸುವಾಗ ಕ್ರೇನಿನ ಸರಪಳಿ ಮತ್ತು ಜಾರುವ ಕಬ್ಬಿನ ಹೊಡೆತಕ್ಕೆ ದೀಪಗಳು ಒಡೆಯುತ್ತವೆ. ಹಂಗಾಮಿನ ಮೊದಲ ವಾರದಲ್ಲಿ ಹಾಕಿಸಿದ ದೀಪ ಎರಡನೆಯ ವಾರಕ್ಕೆ ಇರುವುದಿಲ್ಲ. ಮಾಲೀಕರು ಬೇಸತ್ತು ಕೈಬಿಡುವುದು ಇದೇ ಕಾರಣಕ್ಕೆ; ಕೇವಲ ಉದಾಸೀನದಿಂದಲ್ಲ.

ಇದಕ್ಕೆ ಕಳಚಬಹುದಾದ ದೀಪದ ಹಲಗೆಯೇ ಉತ್ತಮ ಪರಿಹಾರ. ಟ್ರೇಲರ್‌ನ ಅಗಲಕ್ಕೆ ಹೊಂದುವ ಹಲಗೆ ಅಥವಾ ತೆಳು ಕಬ್ಬಿಣದ ಪಟ್ಟಿಯೊಂದರ ಎರಡು ತುದಿಗಳಲ್ಲಿ ಟೇಲ್, ಬ್ರೇಕ್, ಇಂಡಿಕೇಟರ್ ದೀಪಗಳನ್ನೂ ಕೆಂಪು ಪ್ರತಿಫಲಕಗಳನ್ನೂ, ಅದಕ್ಕೆ ಹೊಂದುವ ಸ್ಥಾನದಲ್ಲಿ ನಂಬರ್ ಪ್ಲೇಟನ್ನೂ ಅದರ ದೀಪವನ್ನೂ ಅಳವಡಿಸಬೇಕು. ಏಳು ವೈರುಗಳ ಕೇಬಲ್ ಮತ್ತು ಪ್ಲಗ್ ಅದಕ್ಕೇ ಸೇರಿರಬೇಕು. ಹೇರು ಕಟ್ಟಿದ ನಂತರ ಈ ಹಲಗೆಯನ್ನು ಕಬ್ಬಿನ ಕೊನೆಯಿಂದ ಹೊರಗೆ ಕಾಣುವಂತೆ ಎರಡು ಸರಪಳಿಗಳಿಂದ ಬಿಗಿದು ಪ್ಲಗ್ ಸೇರಿಸಬೇಕು. ಕಾರ್ಖಾನೆಯ ಅಂಗಳದಲ್ಲಿ ಇಳಿಸುವ ಮುನ್ನ ಕಳಚಿ ಟ್ರ್ಯಾಕ್ಟರಿನ ಮೇಲೆ ಇಟ್ಟುಕೊಳ್ಳಬೇಕು.

ಕೆಟ್ಟುನಿಂತ ಜೀಪನ್ನೋ ಕಾರನ್ನೋ ಎಳೆದೊಯ್ಯುವಾಗಲೂ ಇದೇ ಹಲಗೆ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ ಸತ್ತ ವಾಹನದ ಹಿಂಬದಿ ದೀಪಗಳು ಉರಿಯುವುದಿಲ್ಲ. ಉರಿದರೂ ಎಳೆಯುವ ವಾಹನದ ಚಾಲಕ ಬ್ರೇಕ್ ಒತ್ತಿದ್ದು ಹಿಂದಿನವರಿಗೆ ತಿಳಿಯುವುದಿಲ್ಲ. ಎಳೆಯಲ್ಪಡುವ ವಾಹನದ ಹಿಂಬದಿಗೆ ಹಲಗೆಯನ್ನು ಕಟ್ಟಿ, ಕೇಬಲ್ಲನ್ನು ಎಳೆಯುವ ವಾಹನಕ್ಕೆ ಜೋಡಿಸಿದರೆ ಆ ವಾಹನದ ವೈರಿಂಗ್ ಮುಟ್ಟುವ ಅಗತ್ಯವೇ ಇರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಟ್ರ್ಯಾಕ್ಟರ್ ಮತ್ತು ಕಾರುಗಳದು 12 ವೋಲ್ಟ್ ವ್ಯವಸ್ಥೆ. ದೊಡ್ಡ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್. 12 ವೋಲ್ಟಿನ ಬಲ್ಬುಗಳಿರುವ ಹಲಗೆಯನ್ನು ಲಾರಿಗೆ ಜೋಡಿಸಿದರೆ ಬಲ್ಬುಗಳು ಆ ಕ್ಷಣವೇ ಸುಟ್ಟುಹೋಗುತ್ತವೆ. 24 ವೋಲ್ಟಿನ ಬಲ್ಬನ್ನು ಟ್ರ್ಯಾಕ್ಟರಿಗೆ ಹಾಕಿದರೆ ಅದು ಕೆಂಡದಂತೆ ಮಂಕಾಗಿ ಉರಿಯುತ್ತದೆ. ಅಂಗಡಿಯಲ್ಲಿ ಬಲ್ಬು ಕೊಳ್ಳುವಾಗ ಅದರ ಬುಡದಲ್ಲಿ ಬರೆದ ವೋಲ್ಟೇಜನ್ನು ಓದಿಯೇ ಕೊಳ್ಳಬೇಕು.

8. ಪ್ರತಿಫಲಕ ಪಟ್ಟಿ: ವಿದ್ಯುತ್ ಇಲ್ಲದ ವೇಳೆಯ ರಕ್ಷಣೆ

ಟ್ರೇಲರ್‌ನ ಟೈರು ಒಡೆದರೆ ಅಥವಾ ಅಚ್ಚು ಮುರಿದರೆ ಚಾಲಕರು ಅದನ್ನು ರಸ್ತೆಯಲ್ಲಿ ಬಿಟ್ಟು, ಟ್ರ್ಯಾಕ್ಟರನ್ನು ಕಳಚಿಕೊಂಡು ಸಹಾಯ ತರಲು ಹೋಗುವುದುಂಟು. ಟ್ರ್ಯಾಕ್ಟರ್ ಹೊರಟೊಡನೆ ಬ್ಯಾಟರಿಯೂ ಹೊರಟಂತೆ. ಎಷ್ಟೇ ಉತ್ತಮ ವೈರಿಂಗ್ ಇದ್ದರೂ ಆ ಟ್ರೇಲರ್ ಈಗ ಕತ್ತಲಲ್ಲಿದೆ. ಮೊದಲ ಭಾಗದಲ್ಲಿ ವಿವರಿಸಿದ ಅತ್ಯಂತ ಅಪಾಯದ ಸನ್ನಿವೇಶ ಇದೇ.

ಇಲ್ಲಿ ಕಾಪಾಡುವುದು ಪ್ರತಿಫಲಕ ಪಟ್ಟಿ ಮಾತ್ರ. ಮುಂಭಾಗಕ್ಕೆ ಬಿಳಿ, ಬದಿಗಳಿಗೆ ಹಳದಿ, ಹಿಂಭಾಗಕ್ಕೆ ಕೆಂಪು ಪಟ್ಟಿಗಳನ್ನು ಅಂಟಿಸಬೇಕು. ಅಂಟಿಸುವ ಮುನ್ನ ತುಕ್ಕು, ಎಣ್ಣೆ, ಧೂಳನ್ನು ಪೂರ್ತಿಯಾಗಿ ತೆಗೆಯಬೇಕು. ಕೆಸರು ಮೆತ್ತಿದ ಪಟ್ಟಿ ಬೆಳಕನ್ನು ಹಿಂತಿರುಗಿಸುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಾದರೂ ಒದ್ದೆ ಬಟ್ಟೆಯಿಂದ ಒರೆಸಬೇಕು.

ಟ್ರೇಲರ್ ಅನ್ನು ಒಂಟಿಯಾಗಿ ಬಿಡುವುದು ಅನಿವಾರ್ಯವಾದರೆ ಸಾಧ್ಯವಾದಷ್ಟು ರಸ್ತೆಯಿಂದ ಕೆಳಗಿಳಿಸಿ, ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ ಪ್ರತಿಫಲಿಸುವ ಎಚ್ಚರಿಕೆಯ ತ್ರಿಕೋನವನ್ನು ಇಡಬೇಕು. ತಿರುವು ಅಥವಾ ದಿಬ್ಬವಿದ್ದರೆ ಅದಕ್ಕೂ ಹಿಂದೆ ಇಡಬೇಕು. ಒಬ್ಬರು ಕಾವಲಿರುವುದು ಒಳ್ಳೆಯದು; ಅವರು ರಸ್ತೆಯ ಮೇಲೆ ನಿಲ್ಲದೆ ಬದಿಯಲ್ಲಿ ನಿಲ್ಲಬೇಕು. ಸುತ್ತಲೂ ಕಲ್ಲು ಜೋಡಿಸುವ ರೂಢಿಯನ್ನು ಕೈಬಿಡಬೇಕು. ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ. ಟ್ರೇಲರ್ ಹೋದ ಮೇಲೂ ಕಲ್ಲುಗಳು ರಸ್ತೆಯಲ್ಲಿಯೇ ಉಳಿದು ಮತ್ತೊಂದು ಅಪಘಾತಕ್ಕೆ ಕಾರಣವಾಗುತ್ತವೆ.

9. ಹೊರಡುವ ಮುನ್ನ ಐದು ನಿಮಿಷದ ಪರೀಕ್ಷೆ

ಒಬ್ಬರು ಟ್ರ್ಯಾಕ್ಟರಿನ ಮೇಲೆ, ಇನ್ನೊಬ್ಬರು ಟ್ರೇಲರ್‌ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಈ ಕ್ರಮದಲ್ಲಿ ಪರೀಕ್ಷಿಸಬೇಕು:

1. ಟೇಲ್ ದೀಪ ಹಾಕಿದಾಗ ಎರಡೂ ಬದಿ ಸಮನಾಗಿ ಉರಿಯುತ್ತಿವೆಯೇ?
2. ಟೇಲ್ ದೀಪ ಉರಿಯುತ್ತಿರುವಾಗಲೇ ಬ್ರೇಕ್ ಒತ್ತಿದರೆ ಬೆಳಕು ಸ್ಪಷ್ಟವಾಗಿ ಹೆಚ್ಚುತ್ತದೆಯೇ?
3. ಬ್ರೇಕ್ ಒತ್ತಿಕೊಂಡೇ ಎಡ ಮತ್ತು ಬಲ ಇಂಡಿಕೇಟರ್ ಹಾಕಿದಾಗ ಆಯಾ ಬದಿಯದು ಮಾತ್ರ ಮಿಟುಕುತ್ತದೆಯೇ?
4. ನಂಬರ್ ಪ್ಲೇಟ್ ಓದಲು ಬರುತ್ತದೆಯೇ?
5. ಹೇರು, ಸೋಗೆ, ಹಗ್ಗ ಅಥವಾ ತಾಡಪಾಲು ದೀಪವನ್ನಾಗಲಿ ಪಟ್ಟಿಯನ್ನಾಗಲಿ ಮರೆಮಾಡಿದೆಯೇ?

ಎಲ್ಲ ದೀಪಗಳನ್ನೂ ಒಟ್ಟಿಗೆ ಉರಿಸಿ ನೋಡುವ 3ನೆಯ ಹಂತ ಅತಿ ಮುಖ್ಯ. ದುರ್ಬಲ ಅರ್ತ್ ಬಯಲಾಗುವುದು ಆಗಲೇ. ಮಲ್ಟಿಮೀಟರ್ ಲಭ್ಯವಿದ್ದರೆ, ಎಲ್ಲ ದೀಪಗಳೂ ಉರಿಯುತ್ತಿರುವಾಗ ಹಿಂಬದಿ ದೀಪದ ಅರ್ತ್ ತುದಿಗೂ ಟ್ರ್ಯಾಕ್ಟರಿನ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ವೋಲ್ಟೇಜನ್ನು ಅಳೆಯಬಹುದು. ಅದು ಸುಮಾರು ಅರ್ಧ ವೋಲ್ಟಿನೊಳಗಿದ್ದರೆ ಅರ್ತ್ ಸರಿಯಾಗಿದೆ. ಒಂದು ವೋಲ್ಟನ್ನು ಮೀರಿದರೆ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ ಶುಚಿಗೊಳಿಸಬೇಕು.

10. ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

ಇತರರಿಗೆ ಹೇಳುವ ಮುನ್ನ ಪಂಚಾಯಿತಿಯ ಸ್ವಂತ ನೀರಿನ ಟ್ಯಾಂಕರ್ ಮತ್ತು ಕಸದ ಟ್ರೇಲರ್‌ಗಳ ದೀಪಗಳು ಸರಿಯಿರಬೇಕು. ವಾಹನದ ಲಾಗ್ ಪುಸ್ತಕದಲ್ಲಿ ದಿನನಿತ್ಯದ ನಮೂದಿನೊಂದಿಗೆ "ಹಿಂಬದಿ ದೀಪ ಪರೀಕ್ಷಿಸಲಾಗಿದೆ" ಎಂಬ ಅಂಕಣವೊಂದನ್ನು ಸೇರಿಸಿ ಚಾಲಕರ ಸಹಿ ಪಡೆಯಬಹುದು. ಬೇಸಿಗೆಯಲ್ಲಿ ಖಾಸಗಿ ಟ್ಯಾಂಕರ್‌ಗಳನ್ನು ಬಾಡಿಗೆಗೆ ಪಡೆಯುವಾಗ ಸುಸ್ಥಿತಿಯ ಹಿಂಬದಿ ದೀಪ ಮತ್ತು ಪ್ರತಿಫಲಕ ಪಟ್ಟಿಯನ್ನು ಷರತ್ತಾಗಿ ಸೇರಿಸಬಹುದು. ಕಬ್ಬಿನ ಹಂಗಾಮಿಗೆ ಮುನ್ನ ನಡೆಯುವ ಗ್ರಾಮ ಸಭೆಯಲ್ಲಿ ಒಂದು ಟ್ರೇಲರ್ ಅನ್ನು ತಂದು ನಿಲ್ಲಿಸಿ ಮೇಲಿನ ಐದು ಅಂಶಗಳ ಪರೀಕ್ಷೆಯನ್ನು ಪ್ರತ್ಯಕ್ಷವಾಗಿ ತೋರಿಸಿದರೆ ಭಾಷಣಕ್ಕಿಂತ ಹೆಚ್ಚು ಪರಿಣಾಮವಾಗುತ್ತದೆ. ಊರಿನ ಎಲೆಕ್ಟ್ರಿಷಿಯನ್, ವೆಲ್ಡಿಂಗ್ ಅಂಗಡಿಯವರು ಮತ್ತು ಟ್ರ್ಯಾಕ್ಟರ್ ಮಾಲೀಕರು ಒಟ್ಟಾದರೆ ದೀಪದ ಹಲಗೆಗಳನ್ನು ಊರಿನಲ್ಲಿಯೇ ತಯಾರಿಸಬಹುದು. ಅದಕ್ಕೆ ತಗಲುವ ವೆಚ್ಚ ಟ್ರೇಲರ್‌ನ ಒಂದು ಹೊಸ ಟೈರಿನ ಬೆಲೆಗಿಂತ ಕಡಿಮೆ.

ಟೈರು ಸವೆದರೆ ಟ್ರ್ಯಾಕ್ಟರ್ ಮಾಲೀಕರಿಗೆ ಅದು ತಿಳಿಯುತ್ತದೆ, ಏಕೆಂದರೆ ಗಾಡಿ ನಿಲ್ಲುತ್ತದೆ. ಹಿಂಬದಿ ದೀಪ ಆರಿದರೆ ಗಾಡಿ ನಿಲ್ಲುವುದಿಲ್ಲ. ಚಾಲಕರಿಗೆ ಅದು ಕಾಣುವುದೂ ಇಲ್ಲ. ಅದು ಬೇಕಾಗಿರುವುದು ಹಿಂದೆ ಬರುವ ಅಪರಿಚಿತರಿಗೆ. ಆದುದರಿಂದ ಪ್ರತಿ ಸಂಜೆ ಹೊರಡುವ ಮುನ್ನ ಟ್ರ್ಯಾಕ್ಟರಿನಿಂದ ಇಳಿದು, ಟ್ರೇಲರ್‌ನ ಹಿಂದೆ ಹೋಗಿ ನೋಡುವುದನ್ನು ಪ್ರತಿಯೊಬ್ಬ ಚಾಲಕರೂ ರೂಢಿಸಿಕೊಳ್ಳಬೇಕು.